ಹೇಳಿದ್ದು ತಲುಪಿತೇ? ಕೆಲಸದ ಸ್ಥಳದ ಮಾತು, ಬರಹ ಮತ್ತು ವರದಿಗೆ ಒಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಯಿರಲಿ, ಧಾರವಾಡದ ವಕೀಲರ ಕಚೇರಿಯಿರಲಿ, ಗದಗಿನ ಮುದ್ರಣಾಲಯವಿರಲಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಿರಲಿ, ಕೆಲಸ ಕೆಟ್ಟ ದಿನ ಕೇಳಿಬರುವ ಮೊದಲ ಮಾತು “ನಾ ಹೇಳಿದ್ನಲ್ರೀ” ಎಂಬುದು. ಅದರ ಬೆನ್ನಿಗೇ ಬರುವ ಉತ್ತರ “ನನಗ ಹಂಗ ಹೇಳಿರಲಿಲ್ರೀ” ಎಂಬುದು. ಬಹಳ ಸಲ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಒಬ್ಬರು ಹೇಳಿದ್ದು ಹೌದು, ಇನ್ನೊಬ್ಬರಿಗೆ ತಲುಪದೇ ಹೋದದ್ದೂ ಹೌದು.

ಅವಳಿ ನಗರದಲ್ಲಿ ಸಂವಹನ ಕೌಶಲ ಎಂದರೆ ನಿರರ್ಗಳ ಇಂಗ್ಲಿಷು, ವೇದಿಕೆಯ ಮೇಲೆ ಅಂಜದೆ ನಿಲ್ಲುವುದು ಎಂದು ತಿಳಿದು ತರಗತಿಗಳಿಗೆ ಸೇರುವ ತರುಣರು ಬಹಳ. ಅವೂ ಬೇಕಾದ ವಿದ್ಯೆಗಳೇ. ಆದರೆ ದಿನನಿತ್ಯದ ಉದ್ಯೋಗದಲ್ಲಿ ಅಳತೆಗೋಲು ಬೇರೆ: ನೀವು ಹೇಳಿದ ಮೇಲೆ ಎದುರಿನವರು ಮತ್ತೆ ಕೇಳದೆಯೇ ಸರಿಯಾದ ಕೆಲಸವನ್ನು ಸರಿಯಾದ ಹೊತ್ತಿಗೆ ಮಾಡಿದರೇ ಎಂಬುದೊಂದೇ. ತಲುಪಿಸುವ ಹೊಣೆ ಹೇಳುವವರದು ಎಂದು ಒಪ್ಪಿಕೊಂಡೇ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಕೇಳುವವರ ಪಾಲಿನ ಕೆಲಸವೂ ಇದೆ, ಅದು ಎರಡನೆಯ ಹೆಜ್ಜೆಯಲ್ಲಿ ಬರುತ್ತದೆ.

ಹೆಜ್ಜೆ 1: ಬಾಯಿ ತೆರೆಯುವ ಮುನ್ನ ಒಂದು ವಾಕ್ಯ ಬರೆದುಕೊಳ್ಳಿ

ಮಾತನಾಡುವ ಮೊದಲು, ಅಥವಾ ಸಂದೇಶ ಬರೆಯುವ ಮೊದಲು, “ಇದನ್ನು ಕೇಳಿದ ಮೇಲೆ ಅವರು ಏನು ಮಾಡಬೇಕು?” ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. ಅವರು ಒಪ್ಪಿಗೆ ಕೊಡಬೇಕೇ, ಮಾಲು ಕಳಿಸಬೇಕೇ, ಅಥವಾ ಸುಮ್ಮನೆ ತಿಳಿದುಕೊಂಡಿದ್ದರೆ ಸಾಕೇ? ಈ ವಾಕ್ಯ ನಿಮಗೇ ಹೊಳೆಯದಿದ್ದರೆ ಎದುರಿನವರಿಗೆ ಹೊಳೆಯುವ ಸಂಭವವಿಲ್ಲ.

ಇದು ಅತಿ ಸುಲಭವೆಂದು ಕಂಡರೂ ಇದನ್ನು ಬಿಟ್ಟುಬಿಡುವುದಕ್ಕೆ ಒಂದು ಕಾರಣವಿದೆ. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಬೇಕು, ಉಳಿದವರು ಅದನ್ನು ಕೇಳಿ ಹಾಡನ್ನು ಗುರುತಿಸಬೇಕು. ಎರಡರಲ್ಲಿ ಒಂದನ್ನಾದರೂ ಕೇಳುಗರು ಹೇಳುತ್ತಾರೆಂದು ತಟ್ಟಿದವರು ನಂಬಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರಕ್ಕೆ ಮಾತ್ರ. ತಟ್ಟುವವರ ತಲೆಯೊಳಗೆ ಹಾಡು ಪೂರ್ತಿಯಾಗಿ ನಡೆದಿರುತ್ತದೆ, ಕೇಳುವವರಿಗೆ ಬರುವುದು ಬರೀ ಟಕಟಕ ಸದ್ದು. ಹತ್ತು ವರ್ಷ ಒಂದೇ ಸ್ಟೋರಿನಲ್ಲಿ ಕುಳಿತ ಹಿರಿಯರು ನಿನ್ನೆ ಸೇರಿದ ಹುಡುಗನಿಗೆ “ಆ ಹಳೇ ಲೆಡ್ಜರ್ ನೋಡಿ ಎಂಟ್ರಿ ಮಾಡಿಬಿಡು” ಎನ್ನುವಾಗ ನಡೆಯುವುದೂ ಇದೇ. ಯಾವ ಲೆಡ್ಜರು, ಯಾವ ತಾರೀಖಿನಿಂದ, ಯಾವ ಕಾಲಮ್ಮಿನಲ್ಲಿ ಎಂಬುದೆಲ್ಲ ಹಿರಿಯರ ತಲೆಯಲ್ಲೇ ಉಳಿದುಬಿಟ್ಟಿರುತ್ತದೆ.

ಆದ್ದರಿಂದ ಬರೆದ ಆ ಒಂದು ವಾಕ್ಯವನ್ನು ನೀವು ಮಾಡುವ ಕೆಲಸವನ್ನೇ ಅರಿಯದ ಒಬ್ಬರು ಓದುತ್ತಾರೆಂದು ಕಲ್ಪಿಸಿಕೊಂಡು ಒಮ್ಮೆ ಓದಿ. “ಅದು”, “ಆ ವಿಷಯ”, “ಅವರು” ಎಂಬ ಪದಗಳಿದ್ದಲ್ಲೆಲ್ಲ ವಸ್ತುವಿನ ಅಥವಾ ವ್ಯಕ್ತಿಯ ಹೆಸರನ್ನೇ ಹಾಕಿರಿ.

ಹೆಜ್ಜೆ 2: ಕೇಳುವುದನ್ನು ಒಂದು ಕೆಲಸವೆಂದು ಎಣಿಸಿ

ಸಕ್ರಿಯ ಆಲಿಸುವಿಕೆ ಎಂಬ ಮಾತನ್ನು 1957ರಲ್ಲಿ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಬಳಕೆಗೆ ತಂದರು. ಅದರ ತಿರುಳು ಇಷ್ಟೇ: ಹೇಳುವವರು ಮುಗಿಸುವವರೆಗೆ ನಿಮ್ಮ ಉತ್ತರವನ್ನು ಹೊಸೆಯುತ್ತ ಕೂಡಬೇಡಿ, ಅವರ ಮಾತಿನ ಅರ್ಥದ ಜೊತೆಗೆ ಅದರ ಹಿಂದಿನ ಕಳವಳವನ್ನೂ ಗಮನಿಸಿ, ನೀವು ತಿಳಿದದ್ದು ಸರಿಯೇ ಎಂದು ಅವರಿಗೇ ಹೇಳಿ ತೋರಿಸಿ. ಕಚೇರಿಯಲ್ಲಿ ಇದನ್ನು ನಡೆಸಲು ಒಂದು ಸಣ್ಣ ಡೈರಿ, ಒಂದು ಪೆನ್ನು ಸಾಕು. ಮೇಲಧಿಕಾರಿಯ ಕೋಣೆಗೆ ಕೈಬೀಸಿಕೊಂಡು ಹೋಗುವ ರೂಢಿಯನ್ನು ಬಿಡಬೇಕು. ಬರೆದುಕೊಂಡರೆ ಮರೆವಿನವನೆಂದು ತಿಳಿದಾರು ಎಂಬ ಅಂಜಿಕೆ ಹೊಸಬರಲ್ಲಿ ಇರುತ್ತದೆ. ನಾನು ಕಂಡಂತೆ ಅನುಭವಿಗಳಾದ ಮೇಲಧಿಕಾರಿಗಳು ಬರೆದುಕೊಳ್ಳುವವರನ್ನೇ ಹೆಚ್ಚು ನಂಬುತ್ತಾರೆ.

ತಿಳಿಯದ ಕಡೆ ಅಲ್ಲೇ ಕೇಳಿಬಿಡಿ. “ತಿಳೀಲಿಲ್ರೀ” ಎಂದಷ್ಟೇ ಹೇಳಿದರೆ ಅವರು ಅದೇ ಮಾತನ್ನು ಸ್ವಲ್ಪ ಏರಿದ ದನಿಯಲ್ಲಿ ಮತ್ತೆ ಹೇಳುತ್ತಾರೆ. “ಸರ, ಬಿಲ್ಲು ಗದಗ ಬ್ರಾಂಚಿನ ಹೆಸರಿಗೋ, ಹುಬ್ಬಳ್ಳಿ ಆಫೀಸಿನ ಹೆಸರಿಗೋ?” ಎಂದು ಎರಡು ದಾರಿಗಳನ್ನು ಮುಂದಿಟ್ಟು ಕೇಳಿದರೆ ಉತ್ತರ ಒಂದೇ ಮಾತಿನಲ್ಲಿ ಸಿಗುತ್ತದೆ.

ಹೆಜ್ಜೆ 3: ಕೆಲಸ ಒಪ್ಪಿಸುವಾಗ ಸುತ್ತು ಪೂರ್ತಿ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ರೂಢಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಿ. ಇದರ ಪಾಠ ನಮ್ಮೂರಿನಲ್ಲೇ ಇದೆ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರಸ್ಥಾನ. ಇಲ್ಲಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನೋಡಲು ಜನ ಬರುತ್ತಾರೆ, ಆದರೆ ರೈಲ್ವೆಯಿಂದ ಕಲಿಯಬೇಕಾದದ್ದು ಅಲ್ಲಿಯ ಸಿಬ್ಬಂದಿ ಮಾತನಾಡುವ ಬಗೆಯನ್ನು. ಇಂಟರ್‌ಲಾಕ್ ಇಲ್ಲದ, ಅಂದರೆ ಸಿಗ್ನಲ್ಲಿಗೆ ಜೋಡಿಸಿರದ ಲೆವೆಲ್ ಕ್ರಾಸಿಂಗಿನ ಗೇಟ್‌ಮನ್‌ಗೆ ಸ್ಟೇಷನ್ ಮಾಸ್ತರರು ಗೇಟು ಹಾಕಲು ಫೋನಿನಲ್ಲಿ ಹೇಳಿದರೆ, ಆತ “ಹಾಕಿದೆ” ಎಂದಷ್ಟೇ ಹೇಳಿದರೆ ಸಾಲದು. ಗೇಟು ಹಾಕಿದ್ದಕ್ಕೆ ಗುರುತಾಗಿ ತನ್ನ ಹಾಳೆಯಲ್ಲಿರುವ ಖಾಸಗಿ ಸಂಖ್ಯೆಯೊಂದನ್ನು ಹೇಳಬೇಕು, ಮಾಸ್ತರರು ಅದನ್ನು ಬರೆದುಕೊಳ್ಳಬೇಕು, ಬಳಸಿದ ಸಂಖ್ಯೆಯನ್ನು ಹೊಡೆದುಹಾಕಬೇಕು. ಎಂಜಿನ್ನಿನೊಳಗೆ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್ ಇಬ್ಬರೂ ಎದುರಿನ ಸಿಗ್ನಲ್ ಯಾವ ಬಣ್ಣದಲ್ಲಿದೆ ಎಂದು ಗಟ್ಟಿಯಾಗಿ ಕೂಗಿ ಒಬ್ಬರಿಗೊಬ್ಬರು ಹೇಳುತ್ತಾರೆ. ಮುಂದೆ ವೇಗ ತಗ್ಗಿಸಬೇಕಾದ ಜಾಗಗಳಿದ್ದರೆ ಅದನ್ನು ಬಾಯಿಮಾತಿನಲ್ಲಿ ಬಿಡದೆ, ಕಾಗದದ ಮೇಲೆ ಕೊಟ್ಟು ಸಹಿ ಪಡೆಯುತ್ತಾರೆ. ಇದರಲ್ಲಿ ಯಾರ ಮೇಲಿನ ಅಪನಂಬಿಕೆಯೂ ಇಲ್ಲ. ಕೇಳಿಸಿತು ಎಂಬುದು ಬೇರೆ, ತಿಳಿಯಿತು ಎಂಬುದು ಬೇರೆ ಎಂದು ರೈಲ್ವೆ ಅನುಭವದಿಂದ ಕಲಿತುಕೊಂಡಿದೆ, ಅಷ್ಟೇ.

ವಿಮಾನಯಾನ ಇದನ್ನು ದೊಡ್ಡ ಬೆಲೆ ತೆತ್ತು ಕಲಿತಿತು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಮಂಜು ಕವಿದಿತ್ತು, ಬೇರೆ ಕಾರಣಗಳೂ ಇದ್ದವು. ಆದರೆ ಹಾರಲು ಅನುಮತಿ ಸಿಗದ ಒಂದು ವಿಮಾನದಿಂದ ಬಂದ ಅಸ್ಪಷ್ಟ ಮಾತಿಗೆ ನಿಯಂತ್ರಣ ಕೊಠಡಿಯಿಂದ ಮೊದಲು ಬಂದ ಉತ್ತರ “ಓಕೆ” ಎಂದಾಗಿತ್ತು. ಅದರ ಹಿಂದೆಯೇ ಹೇಳಿದ “ತಡೆಯಿರಿ” ಎಂಬರ್ಥದ ಮಾತು ಇನ್ನೊಂದು ವಿಮಾನದ ರೇಡಿಯೋ ಮಾತಿನೊಂದಿಗೆ ಬೆರೆತು ಸರಿಯಾಗಿ ಕೇಳಿಸಲಿಲ್ಲ. ಆ ದುರಂತದ ನಂತರ ಮುಖ್ಯ ಸೂಚನೆಗಳನ್ನು ಪೈಲಟ್ ಪೂರ್ತಿಯಾಗಿ ತಿರುಗಿ ಹೇಳಿ ಖಚಿತಪಡಿಸುವ ಕ್ರಮವನ್ನು ಬಿಗಿ ಮಾಡಲಾಯಿತು.

ನಿಮ್ಮ ಕಚೇರಿಯಲ್ಲಿ ಯಾರ ಜೀವವೂ ಹೋಗಲಿಕ್ಕಿಲ್ಲ. ಹೋಗುವುದು ಲಾರಿ ಬಾಡಿಗೆ, ಗ್ರಾಹಕರ ವಿಶ್ವಾಸ, ಒಂದು ದಿನದ ಕೂಲಿ. ಅಷ್ಟಕ್ಕಾದರೂ ಈ ಕ್ರಮವನ್ನು ಹೀಗೆ ಅನುಸರಿಸಬಹುದು. ಕೆಲಸ ಹೇಳುವಾಗ ಯಾರು, ಏನು, ಎಷ್ಟು, ಎಂದು ಎಷ್ಟು ಗಂಟೆಯೊಳಗೆ, ಆಗದಿದ್ದರೆ ಯಾರಿಗೆ ಹೇಳಬೇಕು ಎಂಬ ಐದನ್ನೂ ಹೇಳಿ. “ಲಗೂನ ಮಾಡ್ರಿ”, “ಸಂಜೀಕ ನೋಡೂಣು” ಎಂಬ ಮಾತುಗಳಿಗೆ ಗಡಿಯಾರವಿಲ್ಲ. ಹೇಳಿದವರ ಸಂಜೆ ನಾಲ್ಕಕ್ಕೆ, ಕೇಳಿದವರ ಸಂಜೆ ಏಳಕ್ಕೆ ಇರಬಹುದು. ಎಲ್ಲವನ್ನೂ ಹೇಳಿದ ಮೇಲೆ “ತಿಳೀತೇನು?” ಎಂದು ಕೇಳಬೇಡಿ. ಈ ಪ್ರಶ್ನೆಗೆ ನಮ್ಮ ಕಡೆ ಬರುವ ಉತ್ತರ “ಆತ್ರೀ ಸರ” ಎಂಬುದೊಂದೇ, ಹಿರಿಯರ ಎದುರು ಇಲ್ಲವೆನ್ನುವ ಸಂಕೋಚವೇ ಅದನ್ನು ನುಡಿಸಿರುತ್ತದೆ. ಅದರ ಬದಲು ಭಾರವನ್ನು ನಿಮ್ಮ ಮೇಲೆ ಹಾಕಿಕೊಂಡು ಕೇಳಿ: “ನಾ ಎಲ್ಲಾ ಹೇಳೀನೋ ಇಲ್ಲೋ ನೋಡೂಣು, ಮೊದಲ ಏನ ಮಾಡತೀರಿ, ಆಮ್ಯಾಲೆ ಏನ ಮಾಡತೀರಿ, ಒಮ್ಮೆ ಹೇಳ್ರಿ.” ಹೀಗೆ ಕೇಳಿದರೆ ಯಾರಿಗೂ ಪರೀಕ್ಷೆಗೆ ಕೂಡಿಸಿದಂತೆ ಅನ್ನಿಸುವುದಿಲ್ಲ, ಬಿಟ್ಟುಹೋದದ್ದು ಅಲ್ಲೇ ಹೊರಬೀಳುತ್ತದೆ. ನೀವೇ ಕೆಲಸ ಒಪ್ಪಿಕೊಳ್ಳುವವರಾದರೆ ಯಾರೂ ಕೇಳುವ ಮೊದಲೇ ತಿರುಗಿ ಹೇಳಿ.

ಗದಗಿನ ಮುದ್ರಣಾಲಯಗಳಿಗೆ ಕೆಲಸ ಕೊಟ್ಟವರಿಗೆ ಇದರ ಇನ್ನೊಂದು ರೂಪ ಪರಿಚಿತ. ಗಿರಾಕಿ ಪ್ರೂಫ್ ನೋಡಿ ಸಹಿ ಹಾಕುವವರೆಗೆ ಒಳ್ಳೆಯ ಮುದ್ರಕರು ಮಷಿನ್ನಿಗೆ ಕಾಗದ ಹಾಕುವುದಿಲ್ಲ. ಲಗ್ನಪತ್ರಿಕೆಯಲ್ಲಿ ಮುಹೂರ್ತದ ವೇಳೆ ತಪ್ಪಿದರೆ ಆಗುವ ಗದ್ದಲವನ್ನು ನೆನೆದರೆ ಆ ಸಹಿಯ ಬೆಲೆ ತಿಳಿಯುತ್ತದೆ.

ಪಾಳಿ ಬದಲಾಗುವ ಕಾರ್ಖಾನೆ ಮತ್ತು ಆಸ್ಪತ್ರೆಗಳಲ್ಲಿ ಈ ಹೆಜ್ಜೆ ಇನ್ನೂ ಮುಖ್ಯ. 9 ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಾಳಿ ಬಿಡುವ ವೈದ್ಯರು ಗೊತ್ತುಮಾಡಿದ ಕ್ರಮದಲ್ಲಿ ಬಾಯಲ್ಲಿಯೂ ಬರಹದಲ್ಲಿಯೂ ರೋಗಿಗಳ ವಿವರ ಒಪ್ಪಿಸಿ, ಮುಂದಿನವರು ಅದನ್ನು ಸಂಕ್ಷೇಪವಾಗಿ ತಿರುಗಿ ಹೇಳುವ ವ್ಯವಸ್ಥೆ ಬಂದ ಮೇಲೆ ವೈದ್ಯಕೀಯ ತಪ್ಪುಗಳು ಶೇಕಡಾ 23ರಷ್ಟು ಇಳಿದವು. ಕಾರ್ಖಾನೆಯ ಪಾಳಿ ಪುಸ್ತಕದಲ್ಲಿ ಯಾವ ಮಷಿನ್ ನಿಂತಿದೆ, ಯಾಕೆ ನಿಂತಿದೆ, ಯಾವ ಕೆಲಸ ಅರ್ಧಕ್ಕೆ ಉಳಿದಿದೆ, ಯಾವುದಕ್ಕೆ ಕೈ ಹಚ್ಚಬಾರದು ಎಂಬ ನಾಲ್ಕು ಸಾಲು ಬರೆದು, ಮಷಿನ್ನಿನ ಮುಂದೆಯೇ ನಿಂತು ಮುಂದಿನ ಪಾಳಿಯವರಿಗೆ ತೋರಿಸಿ ಹೊರಡಿ. ಗೇಟಿನ ಬಳಿ ಬೈಕಿನ ಮೇಲಿಂದ ಹೇಳಿದ ಮಾತನ್ನು ಒಪ್ಪಿಸಿದ ಲೆಕ್ಕಕ್ಕೆ ಹಿಡಿಯಬಾರದು.

ಹೆಜ್ಜೆ 4: ಯಾವುದಕ್ಕೆ ಫೋನು, ಯಾವುದಕ್ಕೆ ಬರಹ

ತುರ್ತಿನದು ಫೋನಿನಲ್ಲಿ, ನಾಳೆ ಸಾಕ್ಷಿ ಬೇಕಾದದ್ದು ಇಮೇಲಿನಲ್ಲಿ ಅಥವಾ ಪತ್ರದಲ್ಲಿ, ಮನಸ್ಸಿಗೆ ತಾಗುವಂಥದು ಎದುರೆದುರು ಕುಳಿತು. ಫೋನಿನಲ್ಲಿ ದರ, ಪ್ರಮಾಣ ಅಥವಾ ತಾರೀಖು ಗೊತ್ತಾಗಿದ್ದರೆ, ಕರೆ ಮುಗಿದ ಕೂಡಲೇ “ಈಗ ಮಾತಾಡಿದಂತೆ” ಎಂದು ಆರಂಭಿಸಿ ಎರಡು ಸಾಲು ಬರೆದು ಕಳಿಸಿ.

ಈಗ ನಮ್ಮ ಬಹುಪಾಲು ಕಚೇರಿಗಳು ನಡೆಯುವುದು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ. ಅಲ್ಲಿಯ ದೊಡ್ಡ ತೊಡಕೆಂದರೆ ಎಲ್ಲರಿಗೂ ಹೇಳಿದ ಕೆಲಸ ಯಾರಿಗೂ ಹೇಳಿದಂತಾಗುವುದಿಲ್ಲ. 40 ಜನರ ಗ್ರೂಪಿನಲ್ಲಿ “ಯಾರಾದರೂ ಸ್ವಲ್ಪ ನೋಡಿ” ಎಂದು ಹಾಕಿದರೆ ನೀಲಿ ಗುರುತುಗಳು ಬರುತ್ತವೆ, ಹೆಬ್ಬೆರಳುಗಳು ಏಳುತ್ತವೆ, ಕೆಲಸ ಇದ್ದಲ್ಲೇ ಇರುತ್ತದೆ. ಒಬ್ಬರ ಹೆಸರನ್ನು ಹಾಕಲೇಬೇಕು. ಮೂರು ನಿಮಿಷದ ಧ್ವನಿ ಸಂದೇಶಗಳನ್ನಂತೂ ಕೆಲಸದ ವಿಷಯಕ್ಕೆ ಕಳಿಸಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ: ಅದರೊಳಗಿನ ಒಂದು ಅಂಕಿ ಬೇಕೆಂದರೂ ಪೂರ್ತಿ ಕೇಳಬೇಕು, ಹುಡುಕಿದರೆ ಸಿಗುವುದಿಲ್ಲ, ಮಷಿನ್ನಿನ ಸಪ್ಪಳದಲ್ಲಿ ಕೇಳಿಸುವುದೂ ಇಲ್ಲ.

ಒಂದು ಸಂದೇಶವನ್ನು ತಿದ್ದಿ ನೋಡೋಣ. ತಾರಿಹಾಳದ ವಾಲ್ವ್ ಕಾರ್ಖಾನೆಯೊಂದರ ಡಿಸ್ಪ್ಯಾಚ್ ವಿಭಾಗದವರು ತಪಾಸಣಾ ವಿಭಾಗಕ್ಕೆ ಬರೆದದ್ದು ಹೀಗಿರಬಹುದು:

“ನಮಸ್ಕಾರ ಸರ್. ಆ ಬೆಳಗಾವಿ ಮೆಟೀರಿಯಲ್ ವಿಷಯ ಏನಾಯಿತು? ಸ್ವಲ್ಪ ಅರ್ಜೆಂಟ್ ಇದೆ, ನೋಡಿ.”

ಅದೇ ವಿಷಯವನ್ನು ಹೀಗೆ ಬರೆಯಬಹುದು:

“ನಮಸ್ಕಾರ ಸರ್. ಬೆಳಗಾವಿಗೆ ಹೋಗುವ 40 ವಾಲ್ವ್‌ಗಳ ತಪಾಸಣಾ ವರದಿ ನಾಳೆ, ಬುಧವಾರ, ಮಧ್ಯಾಹ್ನ 12ರೊಳಗೆ ಬೇಕು. ಲಾರಿ 2 ಗಂಟೆಗೆ ಹೊರಡುತ್ತದೆ. ಆಗುವ ಹಾಗಿಲ್ಲದಿದ್ದರೆ ಇಂದು ಸಂಜೆ 5ರೊಳಗೆ ತಿಳಿಸಿದರೆ ಲಾರಿಯನ್ನು ಗುರುವಾರಕ್ಕೆ ಬದಲಿಸುತ್ತೇನೆ.”

ಎರಡನೆಯದು ಉದ್ದವಾದರೂ ಓದುವವರ ಸಮಯ ಉಳಿಸುತ್ತದೆ, ಏಕೆಂದರೆ ಅದಕ್ಕೆ ಮರುಪ್ರಶ್ನೆ ಹುಟ್ಟುವುದಿಲ್ಲ. ಕಾರಣವನ್ನು ಹೇಳಿರುವುದರಿಂದ ಒತ್ತಾಯವೆನಿಸುವುದಿಲ್ಲ, ಆಗದಿದ್ದರೆ ಏನೆಂಬುದನ್ನೂ ಹೇಳಿರುವುದರಿಂದ ಎದುರಿನವರು ನಿಜ ಹೇಳಲು ಅಂಜುವುದಿಲ್ಲ. ಇಮೇಲ್ ಆದರೆ ವಿಷಯದ ಸಾಲಿನಲ್ಲಿಯೇ ಕೆಲಸ ಮತ್ತು ತಾರೀಖು ಎರಡೂ ಬರಲಿ. ಒಂದು ಇಮೇಲಿಗೆ ಒಂದೇ ವಿಷಯ. ಎರಡು ಬೇಡಿಕೆಗಳನ್ನು ಒಂದರಲ್ಲಿ ತುರುಕಿದರೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಬರುತ್ತದೆ.

ಹೆಜ್ಜೆ 5: ಕೆಟ್ಟ ಸುದ್ದಿಯನ್ನು ಮೇಲಕ್ಕೆ ಒಯ್ಯುವುದು

ಕಿರಿಯರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಮಾಲು ಹೋಗಿಲ್ಲ, ಲೆಕ್ಕ ತಾಳೆಯಾಗಿಲ್ಲ, ಗ್ರಾಹಕರು ಸಿಟ್ಟಾಗಿದ್ದಾರೆ ಎಂಬುದನ್ನು ಸಾಹೇಬರಿಗೆ ಹೇಳಲು ಸರಿಯಾದ ಹೊತ್ತಿಗಾಗಿ ಕಾಯುತ್ತ, ಅವರ ಮನಸ್ಥಿತಿ ನೋಡುತ್ತ, ಚಹಾ ಆಗಲಿ ಎಂದುಕೊಳ್ಳುತ್ತ ದಿನ ಕಳೆದುಬಿಡುತ್ತದೆ. ಸುದ್ದಿ ಎಷ್ಟು ಬೇಗ ಮುಟ್ಟಿದರೆ ಅದಕ್ಕೆ ಅಷ್ಟು ಹೆಚ್ಚು ಪರಿಹಾರಗಳು ಉಳಿದಿರುತ್ತವೆ ಎಂಬುದನ್ನು ನೆನಪಿಟ್ಟುಕೊಂಡು, ತಿಳಿದ ಗಂಟೆಯೊಳಗೇ ಹೇಳಿಬಿಡಿ.

ಹೇಗೆ ಹೇಳಬೇಕೆಂಬುದಕ್ಕೆ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ, ಆಮೇಲೆ ಆಸ್ಪತ್ರೆಗಳಲ್ಲಿ ದಾದಿಯರು ವೈದ್ಯರಿಗೆ ಫೋನು ಮಾಡುವಾಗ ಬಳಸತೊಡಗಿದ ಒಂದು ಕ್ರಮವಿದೆ: ಈಗಿನ ಸ್ಥಿತಿ, ಅದರ ಹಿನ್ನೆಲೆ, ನಿಮ್ಮ ಅಂದಾಜು, ನಿಮ್ಮ ಸಲಹೆ. ನಮ್ಮ ರೂಢಿ ಇದರ ತಲೆಕೆಳಗು. ಬೆಳಗಿನಿಂದ ಏನೇನಾಯಿತು ಎಂದು ಆರಂಭಿಸಿ, ವಿದ್ಯುತ್ತು ಹೋದದ್ದು, ಡ್ರೈವರ್ ತಡವಾಗಿ ಬಂದದ್ದು ಎಲ್ಲ ಹೇಳಿ ಕಡೆಗೆ ಸುದ್ದಿಗೆ ಬರುತ್ತೇವೆ. ಅಷ್ಟರಲ್ಲಿ ಕೇಳುವವರ ಸಹನೆ ತೀರಿರುತ್ತದೆ. ಕ್ರಮದಲ್ಲಿ ಹೇಳಿದರೆ ಹೀಗಾಗುತ್ತದೆ:

“ಸರ, ಹಾವೇರಿಗೆ ಹೋಗೂ ಮಾಲು ಇವತ್ತ ಹೋಗೂದಿಲ್ರಿ. ಪ್ಯಾಕಿಂಗ್ ಮಷಿನ್ ಹನ್ನೊಂದಕ್ಕ ನಿಂತೈತ್ರಿ, ಮೋಟಾರ್ ಸುಟ್ಟೈತಿ ಅಂತ ಫಿಟರ್ ಹೇಳ್ಯಾರ. ನನ್ನ ಅಂದಾಜಿಗೆ ನಾಳೆ ಮಧ್ಯಾಹ್ನದ ಮಟಾ ರಿಪೇರಿ ಆಗೂದಿಲ್ಲ. ಅರ್ಧ ಮಾಲು ಕೈಲೇ ಪ್ಯಾಕ್ ಮಾಡಿ ಸಂಜೀ ಆರಕ್ಕ ಕಳಸೂಣೇನ್ರಿ? ಹೂಂ ಅಂದ್ರ ಈಗ ನಾಲ್ಕ ಮಂದಿ ಹಚ್ಚತೀನಿ.”

ಕೊನೆಯ ಎರಡು ವಾಕ್ಯಗಳು ಇಲ್ಲಿ ಮುಖ್ಯ. ಸಮಸ್ಯೆಯನ್ನಷ್ಟೇ ತಂದು ಮೇಜಿನ ಮೇಲಿಟ್ಟವರಿಗಿಂತ, ಒಪ್ಪಲಿ ಬಿಡಲಿ, ಒಂದು ದಾರಿಯನ್ನು ಜೊತೆಗೆ ತಂದವರ ಮಾತಿಗೆ ಬೆಲೆ ಬರುತ್ತದೆ.

ಮೇಲಧಿಕಾರಿಗಳಿಗೂ ಇಲ್ಲಿ ಒಂದು ಮಾತು ಹೇಳಬೇಕು. ಕೆಟ್ಟ ಸುದ್ದಿ ತಂದವರ ಮೇಲೆ ಒಮ್ಮೆ ಹರಿಹಾಯ್ದರೆ ಮುಂದಿನ ಸುದ್ದಿ ನಿಮಗೆ ಗ್ರಾಹಕರಿಂದಲೇ ತಿಳಿಯುತ್ತದೆ. ಮೊದಲ ಉತ್ತರ “ಚಲೋ ಆತು, ಈಗ ಹೇಳಿದ್ರಿ” ಎಂದಿರಲಿ, ಯಾರ ತಪ್ಪೆಂಬ ವಿಚಾರಣೆ ಮರುದಿನಕ್ಕಿರಲಿ.

ಹೆಜ್ಜೆ 6: ತಪ್ಪು ತಿದ್ದುವುದು, ತಿದ್ದಿಸಿಕೊಳ್ಳುವುದು

ಹೊಗಳಿಕೆ ನಾಲ್ಕು ಜನರ ಮುಂದೆ, ತಿದ್ದುಪಡಿ ಬಾಗಿಲು ಮುಚ್ಚಿ. ತಿದ್ದುವಾಗ ಮನುಷ್ಯನ ಗುಣವನ್ನು ಬಿಟ್ಟು ನಡೆದ ಸಂಗತಿಗೆ ಬನ್ನಿ. “ನಿಮಗ ಜವಾಬ್ದಾರಿನ ಇಲ್ಲ” ಎಂಬ ಮಾತಿಗೆ ಯಾರೂ ಏನೂ ಮಾಡಲಾರರು, ಜಗಳವೊಂದನ್ನು ಬಿಟ್ಟು. “ಈ ತಿಂಗಳ ಮೂರು ಚಲನ್‌ನ್ಯಾಗ ಜಿಎಸ್‌ಟಿ ನಂಬರ್ ಬಿಟ್ಟೈತಿ, ಅದಕ್ಕ ಎರಡು ಬಿಲ್ಲು ತಿರುಗಿ ಬಂದಾವ, ಮುಂದ ಹಿಂಗ ಆಗಬಾರದಂದ್ರ ಏನ ಮಾಡೂಣು?” ಎಂದರೆ ಸಂಗತಿ, ಪರಿಣಾಮ ಮತ್ತು ಮುಂದಿನ ದಾರಿ ಮೂರೂ ಬಂದವು. ವಯಸ್ಸಿನಲ್ಲಿ ಹಿರಿಯರಾದ ಕೆಳಗಿನ ನೌಕರರನ್ನು ತಿದ್ದಬೇಕಾಗಿ ಬಂದಾಗ “ಕಾಕಾ” ಎಂದೋ “ಅಕ್ಕಾರ” ಎಂದೋ ಕರೆದು ಆರಂಭಿಸುವುದರಿಂದ ಅಧಿಕಾರವೇನೂ ಕಡಿಮೆಯಾಗುವುದಿಲ್ಲ; ಆದರೆ ಆ ಸಲಿಗೆಯ ಹಿಂದೆ ವಿಷಯವನ್ನೇ ಮುಚ್ಚಿಡಬಾರದು.

ತಿದ್ದಿಸಿಕೊಳ್ಳುವವರು ಕೂಡಲೇ ಕಾರಣಗಳ ಪಟ್ಟಿಗೆ ಕೈಹಾಕದೆ, ಯಾವ ಸಂಗತಿಯನ್ನು ಕುರಿತು ಹೇಳುತ್ತಿದ್ದಾರೆಂದು ಕೇಳಿ ಬರೆದುಕೊಂಡು, ನಿಜವಾದ ಅಡಚಣೆಯಿದ್ದರೆ ಅದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು.

ಹೆಜ್ಜೆ 7: ಸಭೆಗಳು

ವಿಷಯಸೂಚಿ ಮೊದಲೇ ಕಳಿಸಿ, ಹೇಳಿದ ಹೊತ್ತಿಗೆ ಆರಂಭಿಸಿ, ನಿರ್ಣಯಗಳನ್ನು ಮುಗಿದ ದಿನವೇ ಹಂಚಿ. ನಡಾವಳಿಯಲ್ಲಿ ಯಾರು ಏನೆಂದರು ಎಂಬ ವರ್ಣನೆ ಬೇಡ. ಏನು ಠರಾಯಿತು, ಯಾರು ಮಾಡುತ್ತಾರೆ, ಎಂದಿನೊಳಗೆ ಎಂಬ ಮೂರು ಅಂಕಣಗಳು ಸಾಕು. ಮಾತೇ ಆಡದ ಕಿರಿಯರನ್ನು ಹಿರಿಯರಿಗಿಂತ ಮೊದಲು ಕೇಳಿ. ಸಾಹೇಬರು ಅಭಿಪ್ರಾಯ ಹೇಳಿದ ಮೇಲೆ ಉಳಿದವರದು ಬಹಳ ಸಲ ಅದೇ ಆಗಿಬಿಡುತ್ತದೆ.

ಹೆಜ್ಜೆ 8: ಭಾಷೆ ಮತ್ತು ಹಾವಭಾವ

ಹುಬ್ಬಳ್ಳಿಯ ಒಂದೇ ಗೋದಾಮಿನಲ್ಲಿ ಕನ್ನಡ, ಉರ್ದು, ಮರಾಠಿ, ಕೊಂಕಣಿ, ಹಿಂದಿ ಎಲ್ಲವೂ ಕೇಳಿಬರುತ್ತವೆ. ಕೆಲಸಕ್ಕೆ ಬೇಕಾದ ಸೂಚನೆ ಅದನ್ನು ಮಾಡುವವರಿಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲಿರಬೇಕು. ಸುರಕ್ಷತೆಯ ಫಲಕವನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದು ಗೋಡೆಗೆ ಹಚ್ಚುವುದು ಕಾರ್ಮಿಕರಿಗಾಗಿ ಅಲ್ಲ, ತಪಾಸಣೆಗೆ ಬರುವವರಿಗಾಗಿ. ಬೆಂಗಳೂರಿಗೋ ಪುಣೆಗೋ ಬರೆಯುವ ಇಂಗ್ಲಿಷ್ ಇಮೇಲಿನಲ್ಲಿ ಸಣ್ಣ ವಾಕ್ಯಗಳನ್ನು ಬಳಸಿ. ವ್ಯಾಕರಣದ ಸಣ್ಣ ತಪ್ಪನ್ನು ಓದುವವರು ಮನ್ನಿಸುತ್ತಾರೆ, ತಪ್ಪು ತಾರೀಖನ್ನು ಮನ್ನಿಸುವುದಿಲ್ಲ.

ಹಾವಭಾವದ ವಿಷಯದಲ್ಲಿ ತರಬೇತಿಗಳಲ್ಲಿ ತಪ್ಪದೆ ಕೇಳಿಬರುವ ಲೆಕ್ಕವೊಂದಿದೆ: ಸಂವಹನದಲ್ಲಿ ಶಬ್ದಗಳ ಪಾಲು ಶೇಕಡಾ 7, ದನಿಯ ಪಾಲು 38, ಮುಖಭಾವದ ಪಾಲು 55 ಎಂದು. ಅದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ ಬಂದದ್ದು. ಅವು ಇಷ್ಟ, ಅನಿಷ್ಟದಂಥ ಭಾವನೆಗಳನ್ನು ಬಿಡಿ ಶಬ್ದ, ದನಿ ಮತ್ತು ಮುಖಚಿತ್ರಗಳಿಂದ ಜನ ಹೇಗೆ ಊಹಿಸುತ್ತಾರೆ ಎಂಬುದರ ಮೇಲೆ ನಡೆದವು. ಎಲ್ಲ ಬಗೆಯ ಮಾತಿಗೂ ಈ ಲೆಕ್ಕ ಅನ್ವಯಿಸದು ಎಂದು ಮೆಹ್ರಾಬಿಯನ್ನರೇ ಹೇಳಿದ್ದಾರೆ. ಶಬ್ದದ ಪಾಲು ಏಳೇ ಆಗಿದ್ದರೆ ಫೋನಿನಲ್ಲಿ ಯಾವ ವ್ಯಾಪಾರವೂ ನಡೆಯುತ್ತಿರಲಿಲ್ಲ. ಮಾತನಾಡುವಾಗ ಮೊಬೈಲನ್ನು ಕೆಳಗಿಟ್ಟು ಎದುರಿನವರ ಕಡೆ ನೋಡಿ. ದಿನದ ಕೆಲಸಕ್ಕೆ ಅಷ್ಟು ಹಾವಭಾವ ಸಾಕು.

ಹೆಜ್ಜೆ 9: ವಾರಕ್ಕೊಮ್ಮೆ ತಾಳೆ ನೋಡಿ

ಶನಿವಾರ ಸಂಜೆ ಹದಿನೈದು ನಿಮಿಷ ಇದಕ್ಕೆ ತೆಗೆದಿಡಿ. ಆ ವಾರ ನೀವು ಕಳಿಸಿದ ಸಂದೇಶ ಮತ್ತು ಇಮೇಲುಗಳಲ್ಲಿ ಯಾವುದಕ್ಕೆ ಮರುಪ್ರಶ್ನೆ ಬಂದಿತು ಎಂದು ಗುರುತು ಹಾಕಿ, ಪ್ರತಿಯೊಂದರಲ್ಲಿ ಯಾರು, ಏನು, ಎಷ್ಟು, ಎಂದು, ಆಗದಿದ್ದರೆ ಏನು ಎಂಬ ಐದರಲ್ಲಿ ಯಾವುದು ಬಿಟ್ಟುಹೋಗಿತ್ತೆಂದು ಪಕ್ಕದಲ್ಲಿ ಬರೆಯಿರಿ. ಬಿಟ್ಟುಹೋಗುವುದು ಹೆಚ್ಚಾಗಿ ಒಂದೇ ಅಂಶವಾಗಿರುತ್ತದೆ. ಕೆಲವರು ಸದಾ ವೇಳೆಯನ್ನು ಮರೆಯುತ್ತಾರೆ, ಕೆಲವರು ಹೆಸರನ್ನು. ಮುಂದಿನ ವಾರ ಆ ಒಂದನ್ನೇ ತಿದ್ದಿಕೊಳ್ಳಿ, ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಐದೂ ಸರಿಯಿದ್ದು ಒಬ್ಬರಿಂದಲೇ ಪದೇ ಪದೇ ಪ್ರಶ್ನೆ ಬರುತ್ತಿದ್ದರೆ, ಅವರಿಗೆ ಬರೆಯುವುದನ್ನು ನಿಲ್ಲಿಸಿ ಸೋಮವಾರ ಬೆಳಿಗ್ಗೆ ಅವರ ಮೇಜಿನ ಬಳಿಗೇ ಹೋಗಿ ಹತ್ತು ನಿಮಿಷ ಕುಳಿತು, ಯಾವ ರೂಪದಲ್ಲಿ ಮಾಹಿತಿ ಕೊಟ್ಟರೆ ಅವರಿಗೆ ಅನುಕೂಲ ಎಂದು ಕೇಳಿ ಬರೆದುಕೊಂಡು ಬನ್ನಿ.